ಮೂರು ಮಾರಿನ ಮೇಲ್ಸೇತುವೆ

ಕೂಡಲಗಟ್ಟೆ ನಿಲ್ದಾಣ, ಸಾರುವ ಅಟ್ಟಣೆ
ಕ್ರಿ.ಶ. ೨೨೮೭, ಫೆಬ್ರವರಿ ೩೦, ಮಂಗಳವಾರ

ಪೂಜ್ಯ ಪೂರ್ವಿಕರ ಪಾದಗಳಿಗೆ (ಆ ಪಾದಗಳನ್ನು ಈ ಹೊತ್ತಿನಲ್ಲಿ ರೈಲಿನೊಳಗೆ ಯಾರೂ ತುಳಿಯುತ್ತಿಲ್ಲವೆಂದು ನಂಬಿ) ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳಂಥ ಕೆಂಚಾಂಬೆ ಮಾಡುವ ನಮಸ್ಕಾರಗಳು. ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮ ಕೇಳುವುದು ಶಿಷ್ಟಾಚಾರವೇನೋ ಹೌದು, ಆದರೆ ನೀವು ತೀರಿಹೋಗಿ ಇನ್ನೂರು ವರ್ಷವಾಗಿರುವುದರಿಂದ ಹೇಗೆ ಕೇಳಬೇಕೋ ತಿಳಿಯದೆ ಬಿಟ್ಟಿದ್ದೇನೆ. ತಪ್ಪು ತಿಳಿಯಬಾರದು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಮೂವತ್ತು ದಿನ ಕೊಟ್ಟು ನೂರಹತ್ತು ವರ್ಷವಾಯಿತು. ಅದೊಂದು ತಿಂಗಳಿಗೆ ಮಾತ್ರ ಕಡಿಮೆ ಬಡಿಸುವುದು ಪಂಕ್ತಿಭೇದವೆಂದು ನಮ್ಮ ಹಿರಿಯರು ತೀರ್ಮಾನಿಸಿ, ಎಲ್ಲ ತಿಂಗಳಿಗೂ ಮೂವತ್ತು ಮೂವತ್ತು ಹಂಚಿ, ಮಿಕ್ಕ ಐದು ದಿನಗಳನ್ನು ವರ್ಷದ ಕೊನೆಗೆ ಸುಮ್ಮನೆ ಬಿಟ್ಟಿದ್ದಾರೆ. ಆ ಐದು ದಿನ ಯಾರೂ ಯಾರಿಗೂ ಕೆಲಸ ಹೇಳುವಂತಿಲ್ಲ. ನನ್ನ ಮಾತುಗಳೂ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೂ ಕ್ಷಮೆಯಿರಲಿ. ನೀವು ಪ್ಲಾಟ್‌ಫಾರ್ಮ್ ಎನ್ನುತ್ತಿದ್ದುದು ನಮಗೆ ಕಟ್ಟೆ. ರೈಲು ಬಂತು, ಹೋಯಿತು, ತಡವಾಯಿತು ಎಂದು ಮೈಕಿನಲ್ಲಿ ಹೇಳುವವರು ಸಾರುಗಾರರು. ನಾನು ಅಂಥವಳೊಬ್ಬಳು, ಎರಡನೇ ದರ್ಜೆ, ವಯಸ್ಸು ಹತ್ತೊಂಬತ್ತು, ಕಡತದಲ್ಲಿ ಮೂರು ಎಚ್ಚರಿಕೆ ಪತ್ರ. ಕೊನೆಯದು ಬಂದದ್ದು, "ಐದನೇ ಕಟ್ಟೆಯ ಮಹನೀಯರ ಅವಗಾಹನೆಗೆ: ತಮ್ಮ ರೈಲು ಎಡಗಡೆಯಿಂದ ಬರಲಿದೆ, ಬಲಗಡೆಗೆ ಬಗ್ಗಿ ಬಗ್ಗಿ ನೋಡಿ ಅದಕ್ಕೆ ಮುಜುಗರ ಮಾಡಬಾರದಾಗಿ ವಿನಂತಿ" ಎಂದು ಸಾರಿದ್ದಕ್ಕೆ. ಮುನ್ನೂರು ಜನ ಒಟ್ಟಿಗೆ ಎಡಕ್ಕೆ ತಿರುಗಿದ್ದನ್ನು ನೀವು ನೋಡಬೇಕಿತ್ತು.

ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ ಅದು, ಒಬ್ಬರಿಗೆ ಜನ್ಮಕ್ಕೆ ಒಂದೇ ಪತ್ರ. ನನ್ನ ಚಿಕ್ಕಮ್ಮ ತನ್ನ ಪಾಲಿನದನ್ನು ಐದು ತಲೆಮಾರಿನ ಹಿಂದಿನ ಅಜ್ಜಿಗೆ ಬರೆದು ಸಾರಿನ ಪುಡಿಯ ಅಳತೆ ಕೇಳಿದಳು. ನನ್ನದನ್ನು ನಾನು ಒಂದು ಮೇಲ್ಸೇತುವೆಗಾಗಿ ಬಳಸುತ್ತಿದ್ದೇನೆ. ಯಾಕೆಂದು ಹೇಳಬೇಕಾದರೆ ಮೊದಲು ನಮ್ಮ ಕೂಡಲಗಟ್ಟೆಯನ್ನು ನಿಮ್ಮ ಕಣ್ಣಿಗೆ ತೋರಿಸಬೇಕು.

ಇಲ್ಲಿ ಮೂರು ರೈಲುದಾರಿಗಳು ಕೂಡುತ್ತವೆ: ಕೆರೆದಾರಿ, ಬೆಟ್ಟದಾರಿ, ಬಯಲುದಾರಿ. ಬಯಲುದಾರಿ ಮುಂದೆ ಪೇಟೆಗೆ ಹೋಗುತ್ತದೆ, ಅನ್ನ ಹುಟ್ಟುವುದು ಪೇಟೆಯಲ್ಲಿ. ಆದ್ದರಿಂದ ಬೆಳಗಿನ ಏಳರಿಂದ ಒಂಬತ್ತರೊಳಗೆ ಎರಡು ಲಕ್ಷ ಜನ ಇಲ್ಲಿ ಇಳಿದು, ದಾಟಿ, ಹತ್ತುತ್ತಾರೆ. ದಾಟುವುದಕ್ಕಿರುವುದು ಒಂದೇ ಮೇಲ್ಸೇತುವೆ. ಸಾರುವ ಅಟ್ಟಣೆ ಅದರ ನೆತ್ತಿಯ ಮೇಲಿದೆ, ನಾಲ್ಕೂ ಕಡೆ ಗಾಜು. ಮೊದಲ ದಿನ ಅಲ್ಲಿ ಕೂತು ಕೆಳಗೆ ನೋಡಿದಾಗ ಯಾವ ರೈಲು ಸಾರಬೇಕೆಂಬುದೇ ಮರೆತುಹೋಯಿತು. ಸಾರುಗಾರ್ತಿಗೆ ಅದು ಅವಮಾನ. ಎಣ್ಣೆ ಹಚ್ಚಿದ ತಲೆಗಳು, ಮಂಕಿ ಟೋಪಿಗಳು, ಮಲ್ಲಿಗೆಯ ದಂಡೆಗಳು, ತಲೆಯ ಮೇಲೆ ಹೊತ್ತ ಹಲಸಿನ ಹಣ್ಣೊಂದು, ಎಲ್ಲ ಒಂದೇ ಮೈಯಾಗಿ ಉಸಿರಾಡುತ್ತಿತ್ತು. ಒಬ್ಬರಿಗೊಬ್ಬರು ಗುರುತಿಲ್ಲದ ಇಷ್ಟು ಜನ ದಿನವೂ ಒಬ್ಬರ ಮೂಗಿಗೆ ಒಬ್ಬರು ಮೊಣಕೈ ತಾಗಿಸದೆ ದಾಟುತ್ತಾರೆಂಬುದು, ನಾನು ಪ್ರಮಾಣ ಮಾಡಿ ಹೇಳುತ್ತೇನೆ, ಗ್ರಹಗಳು ಡಿಕ್ಕಿ ಹೊಡೆಯದೆ ಸುತ್ತುವುದಕ್ಕಿಂತ ದೊಡ್ಡ ಸೋಜಿಗ. ಗ್ರಹಗಳಿಗೆ ಊಟದ ಡಬ್ಬಿ ಇಲ್ಲ.

ನೂಕುನುಗ್ಗಲನ್ನು ನಾವು ಒತ್ತಿನಲ್ಲಿ ಅಳೆಯುತ್ತೇವೆ. ಒಂದು ಒತ್ತೆಂದರೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲಬಹುದು. ಎರಡಾದರೆ ಕೈಕಟ್ಟಿಕೊಳ್ಳಬೇಕು. ಮೂರಾದರೆ ಪಕ್ಕದವರ ಮನೆಯಲ್ಲಿ ಬೆಳಿಗ್ಗೆ ಏನು ತಿಂಡಿಯೆಂದು ಗೊತ್ತಾಗುತ್ತದೆ. ನಾಲ್ಕಾದರೆ ನಿಮ್ಮ ಮೂಗಿನ ನವೆಯನ್ನು ಇನ್ನೊಬ್ಬರು ಕೆರೆಯಬೇಕು. ಐದರ ಬಗ್ಗೆ ಇಲ್ಲಿ ಯಾರೂ ತಮಾಷೆ ಮಾಡುವುದಿಲ್ಲ, ನಾನೂ ಮಾಡುವುದಿಲ್ಲ. ಸೇತುವೆಯ ನೆಲದಲ್ಲಿ ಹುದುಗಿಸಿಟ್ಟ ಒತ್ತುಮಣೆಯ ಅಂಕಿ ಏರಿಳಿಯುತ್ತಲೇ ಇರುತ್ತದೆ, ದಿನಾ ಎಂಟು ಹತ್ತಕ್ಕೆ ಸರಿಯಾಗಿ ತೋರಿಸಿದ್ದೇ ಆ ದಿನದ ಲೆಕ್ಕ. ಮೂರು ಅಂದರೆ ನಮಗೆ ಒಳ್ಳೆಯ ದಿನ.

ಕಳೆದ ಕಾರ್ತೀಕದಲ್ಲಿ ನಿರ್ದೇಶನಾಲಯದವರು ದಾರಿಗಳನ್ನು ಬದಲಾಯಿಸಿದರು. ಅದುವರೆಗೆ ಕೆರೆದಾರಿಯ ರೈಲು ನಮ್ಮಲ್ಲಿ ನಿಂತು ನೇರ ಪೇಟೆಗೇ ಹೋಗುತ್ತಿತ್ತು, ಅದರಲ್ಲಿದ್ದವರು ಇಳಿಯುವ ಪ್ರಮೇಯವೇ ಇರಲಿಲ್ಲ. ಈಗ ಅದು ಒಂದನೇ ಕಟ್ಟೆಯಲ್ಲೇ ನಿಂತುಬಿಡುತ್ತದೆ. ಇಳಿದು, ಸೇತುವೆ ದಾಟಿ, ಆರನೇ ಕಟ್ಟೆಯಲ್ಲಿ ಬಯಲುದಾರಿಯ ರೈಲು ಹತ್ತಬೇಕು. ಅದಕ್ಕೆ ಬದಲಾಗಿ ಆರನೇ ಕಟ್ಟೆಗೆ ಮೂರು ನಿಮಿಷಕ್ಕೊಂದು ರೈಲು ಬಿಟ್ಟರು. ಬೆಟ್ಟದಾರಿಯನ್ನು ಊರಾಚೆಯ ಸುತ್ತುದಾರಿಗೆ ತಿರುಗಿಸಿ, ಹೊಸಗಟ್ಟೆಯೆಂಬ ಬೇರೆ ನಿಲ್ದಾಣ ಕಟ್ಟಿ, ಅಲ್ಲಿಂದಲೇ ಪೇಟೆಗೆ ಕಳಿಸಿದರು. ಲೆಕ್ಕ ಚೊಕ್ಕವಾಗಿತ್ತು. ಬೆಟ್ಟದವರು ಬರುವುದೇ ಇಲ್ಲ, ಕೆರೆಯವರಿಗೆ ಬೇಕಾದಷ್ಟು ರೈಲು, ಒತ್ತು ಎರಡಕ್ಕಿಳಿಯಬೇಕು. ಅದು ನಾಲ್ಕೂವರೆಗೆ ಏರಿತು. ಅದಕ್ಕಿಂತ ವಿಚಿತ್ರವೆಂದರೆ, ಸೇತುವೆಯ ಮೇಲೆ ಜನ ಉಪ್ಪಿನಕಾಯಿಯಂತೆ ಅಡಕಿಕೊಂಡು ನಿಂತಿರುವಾಗ ಕೆಳಗೆ ರೈಲುಗಳು ಅರ್ಧ ಖಾಲಿಯಾಗಿ ಹೊರಟುಹೋಗುತ್ತಿದ್ದವು.

ನಿರ್ದೇಶನಾಲಯದಿಂದ ಪರಶಿವಯ್ಯ ಸಾಹೇಬರೆಂಬ ಅಳತೆಯ ಅಧಿಕಾರಿ ಬಂದರು. ಕೈಯಲ್ಲಿ ಒಂದು ಆದೇಶ: ಒಂಬತ್ತು ದಿನ ಸತತವಾಗಿ ಒತ್ತು ನಾಲ್ಕನ್ನು ಮೀರಿದರೆ, ಜನರ ಪ್ರಾಣ ದೊಡ್ಡದು, ಕೆರೆದಾರಿಯನ್ನು ನಡುವಿನ ಅಂಕನಕೆರೆಯಲ್ಲೇ ಮೊಟಕು ಮಾಡತಕ್ಕದ್ದು, ಅಲ್ಲಿಂದಾಚೆ ಜನ ರಸ್ತೆಯ ಬಂಡಿಗಳಲ್ಲಿ ಮೂರು ಕಡೆ ಬದಲಾಯಿಸಿ ಪೇಟೆ ಸೇರತಕ್ಕದ್ದು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ಐದು ಒತ್ತಿನ ಒಂದು ಬೆಳಗನ್ನು ಅವರು ಬೇರೊಂದು ನಿಲ್ದಾಣದಲ್ಲಿ ಕಣ್ಣಾರೆ ನೋಡಿದ್ದರಂತೆ, ಅದರ ಬಗ್ಗೆ ಕೇಳಿದರೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಆದರೆ ಅಂಕನಕೆರೆಯಲ್ಲಿ ನನ್ನ ಸೋದರಮಾವ ಈರಭದ್ರಪ್ಪ ಇದ್ದಾನೆ. ಪೇಟೆಯ ಗಾಜಿನ ಕಾರ್ಖಾನೆಯಲ್ಲಿ ಗಾಜನ್ನು ಬೆರಳಿಂದ ತಟ್ಟಿ, ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುವ ಕೆಲಸ. ಅವನಿಗೆ ಕಣ್ಣು ಕಾಣಿಸುವುದಿಲ್ಲ. ಇಪ್ಪತ್ತೆರಡು ವರ್ಷ ನೇರ ರೈಲಿನ ನಾಲ್ಕನೇ ಬೋಗಿಯಲ್ಲಿ ಕೂತು, ಹಳಿಯ ಕುಲುಕಾಟ ಎಣಿಸಿ, ಯಾರ ಹಂಗೂ ಇಲ್ಲದೆ ಹೋಗಿ ಬಂದವನು. ದಾರಿ ಬದಲಾದ ಮೇಲೆ ಸೇತುವೆ ದಾಟಲು ಅದೇ ಬೋಗಿಯ ದ್ಯಾವೀರಮ್ಮನವರ ಹೆಗಲು ಬೇಕಾಯಿತು. ಮೊಟಕಾದರೆ ಆ ಹೆಗಲೂ ಇಲ್ಲ, ಏಕೆಂದರೆ ದ್ಯಾವೀರಮ್ಮನವರು ರೈಲು ಹತ್ತುವುದು ಅಂಕನಕೆರೆ ದಾಟಿದ ಮೇಲೆ, ಎರಡನೇ ನಿಲ್ದಾಣದಲ್ಲಿ. "ಮೂರು ಬಂಡಿ ಹತ್ತಿ ಇಳಿಯೋ ಹೊತ್ಗೆ ನಾನು ಕಾರ್ಖಾನೆಗಲ್ಲ ಕೆಂಚಿ, ಕಾಶಿಗೆ ಹೋಗಿರ್ತೀನಿ" ಎಂದು ಮಾವ ನಕ್ಕ. ನಕ್ಕು, ಊಟದ ತಟ್ಟೆಯ ಅಂಚನ್ನು ಬೆರಳಿಂದ ತಟ್ಟುತ್ತಾ ಕೂತ. ಕೆಲಸ ಬಿಡುವ ಕಾಗದವನ್ನು ಆಗಲೇ ಬರೆಸಿಟ್ಟಿದ್ದಾನೆಂದು ಅತ್ತೆ ಆಮೇಲೆ ಹೇಳಿದಳು.

ಈಗ ನಿಮಗೆ ಬೋಗಿಬಳಗದ ಬಗ್ಗೆ ಹೇಳಬೇಕು, ಆದರೆ ಅದನ್ನು ನೀವೇ ನಮಗೆ ಕೊಟ್ಟದ್ದು. ದಿನಾ ಒಂದೇ ರೈಲಿನ ಒಂದೇ ಬೋಗಿಯಲ್ಲಿ ಹೋಗುವವರು ನಿಮ್ಮ ಕಾಲದಲ್ಲೇ ಗುಂಪು ಕಟ್ಟಿಕೊಂಡಿದ್ದರಂತೆ, ಚಿತ್ರಾನ್ನ ಹಂಚಿಕೊಂಡು ತಿನ್ನುತ್ತಿದ್ದರಂತೆ, ಆಯುಧಪೂಜೆಗೆ ಬೋಗಿಗೆ ಬಾಳೆಕಂದು ಕಟ್ಟುತ್ತಿದ್ದರಂತೆ. ನಾವು ಅದನ್ನು ಶಾಸ್ತ್ರದ ಮಟ್ಟಕ್ಕೆ ಬೆಳೆಸಿದ್ದೇವೆ. ಪ್ರತಿ ಬಳಗಕ್ಕೊಬ್ಬ ಯಜಮಾನಿ, ಪ್ರತಿ ಯಜಮಾನಿಯ ಹೆಗಲ ಮೇಲೆ ಒಂದು ಟವೆಲು. ಸೀಟಿನ ಮೇಲೆ ಟವೆಲು ಹಾಕಿದರೆ ಆ ಜಾಗ ಹಿಡಿದಂತೆ ಎಂಬ ನಿಮ್ಮ ಮಹಾನ್ ಸಂಶೋಧನೆಯನ್ನು ನಾವು ಒಂದು ದಾರದೆಳೆಯಷ್ಟೂ ಬದಲಾಯಿಸಿಲ್ಲ. ಅಂಥ ಟವೆಲನ್ನು ಸರಿಸಿದವನು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಬಳಗದ ಮೊದಲ ಕಟ್ಟಳೆ: ಬಂದವರು ಬರದವರನ್ನು ಬಿಟ್ಟು ಹತ್ತಬಾರದು. ನೇರ ರೈಲಿದ್ದಾಗ ಈ ಕಟ್ಟಳೆಯಿಂದ ಯಾರಿಗೂ ತೊಂದರೆಯಿರಲಿಲ್ಲ. ಊರೂರಿನಲ್ಲಿ ಒಬ್ಬೊಬ್ಬರನ್ನು ಹತ್ತಿಸಿಕೊಂಡು ರೈಲೇ ಬಳಗವನ್ನು ಕೂಡಿಸುತ್ತಿತ್ತು, ಬೆಟ್ಟದವರು ಇಲ್ಲಿ ದಾಟಿ ಬಂದು ತಮ್ಮ ಬೋಗಿ ಸೇರುತ್ತಿದ್ದರು. ಈಗ ಇಳಿದ ಕೂಡಲೇ ನೂಕಿನಲ್ಲಿ ಬಳಗ ಚೆದುರುತ್ತದೆ.

ಇದನ್ನು ಯಾರಾದರೂ ಸಾಹೇಬರಿಗೆ ಹೇಳಬೇಕಿತ್ತು. ಯಾರೂ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ಹೇಳಬೇಕಾದ ಸಂಗತಿ ಇದೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ಎಂಟನೇ ದಿನ ಒತ್ತು ನಾಲ್ಕೂವರೆ ತೋರಿಸಿದ ಮೇಲೆ ಅವರು ಅಟ್ಟಣೆಗೆ ಹತ್ತಿ ಬಂದು ನನ್ನ ಪಕ್ಕ ನಿಂತರು. "ಏನಮ್ಮಾ, ಈ ಜನ ಯಾಕೆ ನಿಂತವ್ರೆ?" ಅಂದರು. "ರೈಲಿಗೆ ಕಾಯ್ತಾ ಅವ್ರೆ ಸಾರ್" ಅಂದೆ. "ಖಾಲಿ ರೈಲು ಕೆಳಗೇ ನಿಂತದಲ್ಲಮ್ಮ!" "ಇನ್ನೂ ಎಲ್ರೂ ಬಂದಿಲ್ವಲ್ಲ ಸಾರ್." "ಎಲ್ರೂ ಅಂದ್ರೆ? ಎರಡು ಲಕ್ಷನೂ ಒಂದೇ ರೈಲಿಗಾ?" ಅವರ ಮುಖ ಅಷ್ಟು ದೀನವಾಗಿತ್ತೆಂದರೆ, ನನಗೆ ತಡೆಯಲಾಗಲಿಲ್ಲ. ಮೈಕು ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು, ಮರಣವಾರ್ತೆ ಓದುವ ಗಾಂಭೀರ್ಯದಲ್ಲಿ ಸಾರಿದೆ: "ನಿರ್ದೇಶನಾಲಯದ ಅಪ್ಪಣೆ ಮೇರೆಗೆ, ಸೇತುವೆಯ ಮೇಲೆ ವಿರಾಜಮಾನರಾಗಿರುವ ಬಳಗದ ಯಜಮಾನಿಯರು ತಮ್ಮ ತಮ್ಮ ಟವೆಲನ್ನು ಮೇಲೆತ್ತತಕ್ಕದ್ದು." ನಾಲ್ಕೈದು ಟವೆಲು ಏಳಬಹುದು, ಸಾಹೇಬರು ಬೆಪ್ಪಾಗಬಹುದು, ನಾಲ್ಕನೇ ಎಚ್ಚರಿಕೆ ಪತ್ರ ಬರಬಹುದು ಎಂದಷ್ಟೇ ನನ್ನ ಎಣಿಕೆ.

ಮುನ್ನೂರಕ್ಕೂ ಹೆಚ್ಚು ಟವೆಲು ಎದ್ದವು. ಕೆಂಪು, ಹಳದಿ, ಚೌಕಳಿ, ಅಂಚು ಹರಿದವು, ಹೊಸ ಮಡಿಕೆ ಬಿಚ್ಚದವು. ಅವು ಎದ್ದ ಕೂಡಲೇ ಪ್ರತಿ ಟವೆಲಿನ ಸುತ್ತ ಇದ್ದವರು ತಮಗೇ ತಿಳಿಯದೆ ಅದರ ಕಡೆಗೆ ಅರ್ಧ ಹೆಜ್ಜೆ ಸರಿದರು. ಒಂದೇ ಮುದ್ದೆಯಂತೆ ಕಾಣುತ್ತಿದ್ದ ಜನ ನನ್ನ ಕಣ್ಣೆದುರೇ ಜೇನುಹುಟ್ಟಿನಂತೆ ಕೋಣೆ ಕೋಣೆಯಾಯಿತು. ಪ್ರತಿ ಕೋಣೆಯಲ್ಲೂ ಒಂದೆರಡು ಖಾಲಿ ಜಾಗ. ಬರಬೇಕಾದವರಿಗಾಗಿ ಆ ನೂಕಿನಲ್ಲೂ ಬಿಟ್ಟುಕೊಂಡ ಜಾಗ! ಸುತ್ತುದಾರಿಗೆ ಕಳಿಸಿದ್ದ ಬೆಟ್ಟದವರೂ ಅಲ್ಲೇ ಇದ್ದರು. ಹೊಸಗಟ್ಟೆಯಲ್ಲಿ ಇಳಿದು, ಎದುರು ರೈಲು ಹತ್ತಿ, ಒಂದು ನಿಲ್ದಾಣ ಹಿಂದಕ್ಕೆ ಬಂದು ತಮ್ಮ ಟವೆಲಿನ ಕೆಳಗೆ ಸೇರಿಕೊಂಡಿದ್ದರು. ಕಾರ್ತೀಕದಿಂದ ದಿನಾ ನೋಡುತ್ತಿದ್ದ ನೋಟವನ್ನು ನಾನು ಅಂದೇ ಮೊದಲು ನೋಡಿದೆ. ಸಾಹೇಬರು ನನ್ನ ಕುರ್ಚಿಯಲ್ಲಿ ಕೂತುಬಿಟ್ಟರು. "ನಾನು ತಲೆ ಎಣಿಸ್ತಿದ್ದೆ ಕಣಮ್ಮ" ಎಂದರು.

ಆ ಮಧ್ಯಾಹ್ನ ನಾನು ದ್ಯಾವೀರಮ್ಮನವರನ್ನು ಹುಡುಕಿಕೊಂಡು ಹೋದೆ. ಅವರು ನಾಲ್ಕನೇ ಬೋಗಿಯ ಯಜಮಾನಿ, ಪೇಟೆಯ ಹೆರಿಗೆ ಆಸ್ಪತ್ರೆಯಲ್ಲಿ ದಾದಿ, ಹೊಸದಾಗಿ ಹುಟ್ಟಿದವರನ್ನೂ ಗದರಿಸಿಯೇ ಮಾತಾಡಿಸುವವರು. ಸೇತುವೆಯ ಮೇಲೇ ಯಾಕೆ ಕಾಯುತ್ತೀರಿ ಎಂದು ಕೇಳಿದೆ. "ಇನ್ನೆಲ್ ಕಾಯೋದೇ? ಅಲ್ಲಿಂದಾದ್ರೆ ಆ ಕಡೆ ಇಳ್ಯೋರೂ ಕಾಣ್ತಾರೆ, ಈ ಕಡೆ ಇಳ್ಯೋರೂ ಕಾಣ್ತಾರೆ. ಕೆಳಗಿಳಿದ್ರೆ ಹಿಂದಿರೋರು ನಮ್ಮನ್ನ ಎಲ್ಲಿ ಅಂತ ಹುಡುಕ್ತಾರೆ?" ಎಂದರು. ಆಮೇಲೆ ತಾವೇ ತಮ್ಮ ಹೆಗಲ ಕಡೆ ನೋಡಿಕೊಂಡರು. "ಅಯ್ಯೋ ನಮ್ ಬುದ್ಧಿಗಿಷ್ಟು! ಟವೆಲ್ ಹಾಕ್ಬುಟ್ರಾಯ್ತಲ್ಲೇ, ಕಟ್ಟೆಗೇ!" ಸಂಜೆಯ ರೈಲುಗಳಲ್ಲಿ ಆ ಮಾತು ಬೋಗಿಯಿಂದ ಬೋಗಿಗೆ ಹಬ್ಬಿತು, ಯಜಮಾನಿಯರು ಇಲ್ಲಿ ಇಳಿದಾಗ ಟವೆಲು ಕಟ್ಟಿಯೇ ಮನೆಗೆ ಹೋದರು.

ಒಂಬತ್ತನೆಯ ದಿನ ಬೆಳಿಗ್ಗೆ ಆರನೇ ಕಟ್ಟೆಯ ಉದ್ದಕ್ಕೂ ಕಂಬಕ್ಕೊಂದು, ಬೆಂಚಿಗೊಂದು, ಗಡಿಯಾರದ ಮೊಳೆಗೊಂದು ಟವೆಲು. ಮದುವೆಮನೆಯ ಹಿತ್ತಲಿನಂತೆ ಕಾಣುತ್ತಿತ್ತು. ಎಂಟು ಗಂಟೆಗೆ ನಾನು ಸಾರಿದೆ, ಬಂದವರು ಬಂದಂತೆ ಕೆಳಗಿಳಿದು ತಮ್ಮ ಟವೆಲಿನ ಹತ್ತಿರ ಕಾಯಿರಿ, ಎಂದು. ಜನ ಹೊರಟರು. ಹೊರಟು, ಮೆಟ್ಟಿಲಿನ ತಲೆಯಲ್ಲಿ ನಿಂತುಬಿಟ್ಟರು. ಏನಾಯಿತೆಂದು ಬಗ್ಗಿ ನೋಡಿದರೆ, ಎಲ್ಲ ಯಜಮಾನಿಯರೂ ಒಟ್ಟಿಗೆ ಮೆಟ್ಟಿಲು ಮುಟ್ಟಿದ್ದಾರೆ, ಕೆರೆದಾರಿ ಉಳಿಸಬೇಕೆಂಬ ಸದ್ಭಾವನೆ ಎಲ್ಲರಲ್ಲೂ ಉಕ್ಕುತ್ತಿದೆ, ಒಬ್ಬರೂ ಮೊದಲು ಇಳಿಯಲು ಒಪ್ಪುತ್ತಿಲ್ಲ. "ನೀವ್ ನಡೀರಿ." "ಛೆ ಛೆ, ಹಿರೀರು ನೀವು, ನೀವ್ ಮೊದ್ಲು." "ನಮ್ದೇನು, ನಿಧಾನಕ್ಕೆ ಬತ್ತೀವಿ." "ಅದೆಂಗಾಯ್ತದೆ, ನಿಮ್ ಜೊತೆ ಮಕ್ಕಳವ್ರೆ!" ಇವರ ಮರ್ಯಾದೆಯ ಹಿಂದೆ ನಲವತ್ತು ಸಾವಿರ ಜನ. ಎಂಟು ಐದು, ಎಂಟು ಆರು. ಒತ್ತು ನಾಲ್ಕೂಮುಕ್ಕಾಲು. ನಾನು ಮೈಕಿನಲ್ಲಿ ಬೇಡಿಕೊಂಡೆ, ಗದರಿದೆ. ಎಲ್ಲರೂ ತಲೆಯಾಡಿಸಿ, ಇನ್ನೊಬ್ಬರಿಗೆ ದಾರಿ ತೋರಿಸಿದರು. ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು.

ಆಗ ಆ ಗುಂಪಿನ ನಡುವಿನಿಂದ ಮಾವ ಹೊರಟ. ದ್ಯಾವೀರಮ್ಮನವರ ಹೆಗಲು ಬಿಟ್ಟು, ಕೋಲಿನಿಂದ ಮೆಟ್ಟಿಲಿನ ಅಂಚು ತಡಕಿ, ಒಬ್ಬನೇ. ಎಡಕ್ಕೂ ಬಲಕ್ಕೂ ಚಾಚಿದ ನೂರಾರು ಕೈಗಳು "ನೀವು ಮೊದಲು" ಎನ್ನುತ್ತಿದ್ದವು, ಅವನಿಗೆ ಅವು ಕಾಣಲಿಲ್ಲ. ಟಕ್, ಟಕ್, ಟಕ್ ಎಂದು ಇಳಿದೇಬಿಟ್ಟ. "ಈರಭದ್ರಪ್ಪಾ, ತಡಿಯೋ, ಬೀಳ್ತೀಯ!" ಎಂದು ಕೂಗುತ್ತಾ ದ್ಯಾವೀರಮ್ಮ ಹಿಂದೆ ಓಡಿದರು. ಯಜಮಾನಿ ಓಡಿದ ಮೇಲೆ ಬಳಗ ನಿಂತೀತೆ? ನಾಲ್ಕನೇ ಬೋಗಿ ಇಳಿಯಿತು, ಅದರ ಹಿಂದೆ ಐದು, ಅದರ ಹಿಂದೆ ಎಲ್ಲವೂ. ಕೆರೆಯ ತೂಬು ಎತ್ತಿದಂತೆ ಆ ಜನರಾಶಿ ಮೆಟ್ಟಿಲಿಳಿದು, ಬಣ್ಣಬಣ್ಣದ ಬಟ್ಟೆಗಳ ಬಳಿ ಸುಳಿ ಸುಳಿಯಾಗಿ ನಿಂತಿತು. ಒಬ್ಬರೂ ಎಡವಲಿಲ್ಲ. ಎಂಟು ಹತ್ತಕ್ಕೆ ಒತ್ತುಮಣೆ ಮೂರೂಮುಕ್ಕಾಲು ತೋರಿಸಿತು. ನಾಲ್ಕಕ್ಕೆ ಕಾಲು ಕಮ್ಮಿ. ಆದೇಶ ಬಿದ್ದುಹೋಯಿತು. ಮಾವನನ್ನು ಆಮೇಲೆ ಹೊಗಳಹೋದರೆ, "ನಂಗೇನೇ ಗೊತ್ತು? ಡ್ಯೂಟಿಗೆ ಟೈಮಾಗಿತ್ತು, ಹೋದೆ" ಎಂದ. ಬರೆಸಿಟ್ಟಿದ್ದ ಕಾಗದವನ್ನು ಅತ್ತೆ ಒಲೆಗೆ ಹಾಕಿದಳು.

ಇಲ್ಲಿಗೆ ಮುಗಿದಿದ್ದರೆ ನಾನು ನಿಮ್ಮನ್ನು ಎಬ್ಬಿಸುತ್ತಿರಲಿಲ್ಲ. ಹೋಗುವ ಮುನ್ನ ಸಾಹೇಬರು ಹೇಳಿದರು: "ಈ ಸಲ ತಪ್ತು ಕಣಮ್ಮ. ಮುಂದಿನ ಕಾರ್ತೀಕಕ್ಕೆ ಬಯಲುದಾರೀನೂ ತಿರುಗಿಸ್ತಾರೆ, ಮತ್ತೆ ಅಳೀತಾರೆ. ನಿಮ್ ಬಳಗ ಸರಿ, ನಿಮ್ ಟವೆಲೂ ಸರಿ. ಸೇತುವೆ ಮೂರೇ ಮಾರು ಅಗಲ, ಅದಕ್ಕೇನ್ ಮಾಡ್ತೀಯ? ಎರಡೂ ಕಡೆ ಹಳೇ ಅಡಿಪಾಯ, ಈಗ ಒಂದು ಗೇಣೂ ಹಿಗ್ಗಲ್ಲ. ಕಟ್ಟಿದೋರನ್ನೇ ಕೇಳ್ಬೇಕು." ಕೇಳೋಣವೆಂದು ಹಳೆಯ ಕಡತ ತೆಗೆಸಿದೆ. ಸೇತುವೆ ನಿಮ್ಮ ಕಾಲದ್ದು. ನಕ್ಷೆಯಲ್ಲಿ ಮೊದಲು ಆರು ಮಾರು ಅಂತಲೇ ಇದೆ. ಯಾರೋ ಅದನ್ನು ನೀಲಿ ಶಾಯಿಯಲ್ಲಿ ಹೊಡೆದು, ಮೂರು ಎಂದು ಬರೆದು, ಅಂಚಿನಲ್ಲಿ ಮುದ್ದಾದ ಅಕ್ಷರಗಳಲ್ಲಿ ಷರಾ ಹಾಕಿದ್ದಾರೆ: "ಮುಂದೆ ದಾರಿಗಳು ಬದಲಾಗುವ ಸಂಭವ ಕಾಣುವುದಿಲ್ಲ."

ಆದ್ದರಿಂದ, ಆ ನೀಲಿ ಪೆನ್ನು ಹಿಡಿದು ಕೂತಿರುವ ಪೂಜ್ಯರೇ, ಅಥವಾ ಅವರ ಪಕ್ಕದ ಮೇಜಿನವರೇ, ಅವರಿಗೆ ಚಹ ತಂದುಕೊಡುವವರೇ, ನನ್ನ ಪ್ರಾರ್ಥನೆ ಇಷ್ಟು: ದಯವಿಟ್ಟು ಹೊಡೆದು ಹಾಕಬೇಡಿ. ಆರು ಮಾರು ಇರಲಿ. ದಾರಿಗಳು ಬದಲಾಗುತ್ತವೆ, ನಾನು ಕಣ್ಣಾರೆ ಕಂಡಿದ್ದೇನೆ. ಬದಲಾದಾಗ ಜನ ನಿಮ್ಮ ಲೆಕ್ಕದಂತೆ ಒಬ್ಬೊಬ್ಬರಾಗಿ ದಾಟುವುದಿಲ್ಲ. ನಿಂತು, ತಿರುಗಿ ನೋಡಿ, ಹಿಂದೆ ಬರುವವರಿಗೆ ಜಾಗ ಇಟ್ಟುಕೊಂಡು ದಾಟುತ್ತಾರೆ. ಆ ಜಾಗವನ್ನೂ ಸೇರಿಸಿ ಕಟ್ಟಿ.

ಹಿಂದಂಚೆಯ ಗುಮಾಸ್ತರು ಒಂದು ತೊಡಕು ಹೇಳಿದ್ದಾರೆ. ನೀವು ನಡೆಸಿಕೊಟ್ಟರೆ ಅದು ನನಗೆ ಗೊತ್ತಾಗುವುದಿಲ್ಲವಂತೆ. ಸೇತುವೆ ಮೊದಲಿನಿಂದಲೂ ಆರು ಮಾರೇ ಇತ್ತೆಂದು ನನಗೆ ನೆನಪಿರುತ್ತದಂತೆ. ಈ ಪತ್ರ ಬರೆದದ್ದು, ಒಂಬತ್ತು ದಿನ ಹೆದರಿದ್ದು, ಟವೆಲುಗಳು ಎದ್ದದ್ದು, ಯಾವುದೂ ನೆನಪಿರುವುದಿಲ್ಲವಂತೆ. ಟವೆಲುಗಳ ಆ ನೋಟ ಮರೆತುಹೋಗುವುದಕ್ಕೆ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ. ಆದರೂ ಪರವಾಗಿಲ್ಲ. ಧನ್ಯವಾದ ಹೇಳಲು ಆಗ ನಾನಿರುವುದಿಲ್ಲವಾದ್ದರಿಂದ ಈಗಲೇ ಹೇಳುತ್ತಿದ್ದೇನೆ. ಮುಂದೆ ಒಂದು ಬೆಳಿಗ್ಗೆ ನನ್ನಂಥವಳೊಬ್ಬಳು ಈ ಅಟ್ಟಣೆಯಲ್ಲಿ ಕೂತು, ಕೈಬೀಸಿಕೊಂಡು ಆರಾಮಾಗಿ ದಾಟುತ್ತಿರುವ ಜನರನ್ನೂ, ಅವರ ನಡುವೆ ಮಾವನನ್ನೂ ನೋಡುತ್ತಾ, "ಇಷ್ಟಗಲ ಯಾವ ಪುಣ್ಯಾತ್ಮರು ಕಟ್ಟಿದರೋ, ಎಲ್ಲ ದಂಡ" ಎಂದು ಗೊಣಗಿದರೆ, ಅವಳಿಗೆ ಏನೂ ಗೊತ್ತಿಲ್ಲವೆಂದು ತಿಳಿದು ಕ್ಷಮಿಸಿಬಿಡಿ.

ಇಂತು ನಿಮ್ಮ ಮುಂದಿನವಳು,
ಕೆಂಚಾಂಬೆ
ಎರಡನೇ ದರ್ಜೆಯ ಸಾರುಗಾರ್ತಿ, ಕೂಡಲಗಟ್ಟೆ